ಕಡಲ ಮೀನಿನ ಲೆಕ್ಕ ಬರೆಯುವವರು ಯಾರು?

ಓದುಗರ ಪ್ರಶ್ನೆ: "ಈ ವರ್ಷ ಬೂತಾಯಿ ಕಡಿಮೆ, ಬಂಗುಡೆ ಜಾಸ್ತಿ ಅಂತೆಲ್ಲ ಪೇಪರಿನಲ್ಲಿ ಬರುತ್ತದೆ. ನೀರೊಳಗಿನ ಮೀನನ್ನು ಯಾರು, ಹೇಗೆ ಎಣಿಸುತ್ತಾರೆ? ದಿನಾ ಕಡಲಿಗೆ ಹೋಗುವವರನ್ನು ಯಾರಾದರೂ ಕೇಳುತ್ತಾರಾ?"

ಕಡಲಿನೊಳಗಿನ ಮೀನನ್ನು ಯಾರೂ ಎಣಿಸುವುದಿಲ್ಲ. ಎಣಿಸುವುದು ದಡಕ್ಕೆ ಬಂದದ್ದನ್ನು. ಬಂದದ್ದನ್ನು ನೋಡಿ ನೀರಲ್ಲಿ ಉಳಿದದ್ದು ಎಷ್ಟಿರಬಹುದು ಎಂದು ಅಂದಾಜು ಕಟ್ಟುತ್ತಾರೆ. ಹಾಗಾಗಿ ನಿಮ್ಮ ಎರಡನೆಯ ಪ್ರಶ್ನೆಯೇ ಮುಖ್ಯ. ಹೌದು, ಮೀನುಗಾರರನ್ನು ಕೇಳುತ್ತಾರೆ, ಕೇಳದೆ ಈ ಲೆಕ್ಕ ನಡೆಯುವುದೇ ಇಲ್ಲ. ಆದರೆ ಕೇಳಿದ್ದನ್ನು ಎಷ್ಟು ನಂಬುತ್ತಾರೆ, ಕೂಡಿಸಿದ ಲೆಕ್ಕವನ್ನು ಅವರಿಗೆ ಎಷ್ಟು ತಿರುಗಿ ಹೇಳುತ್ತಾರೆ ಎನ್ನುವುದು ಬೇರೆಯೇ ಮಾತು. ಒಂದು ಇಡೀ ಕರಾವಳಿಯ ಬದುಕು ಈ ಒಂದು ವಿಷಯದಲ್ಲಿ ಎಡವಿದ್ದಕ್ಕೆ ಮುಳುಗಿಹೋದ ಕತೆ ಇದೆ. ಅದಕ್ಕೆ ಬರುವ ಮುಂಚೆ ನಮ್ಮ ಬಂದರನ್ನೇ ನೋಡೋಣ.

ಬೆಳಗಿನ ಹೊತ್ತು ಮಲ್ಪೆಯಲ್ಲೋ ಮಂಗಳೂರಿನ ದಕ್ಕೆಯಲ್ಲೋ ನಿಂತರೆ, ಬುಟ್ಟಿ ಹೊರುವವರು, ಹರಾಜು ಕೂಗುವವರು, ಐಸ್ ಒಡೆಯುವವರ ನಡುವೆ ಕೈಯಲ್ಲಿ ಪುಸ್ತಕ ಹಿಡಿದ ಒಬ್ಬರು ಕಾಣುತ್ತಾರೆ. ಅವರು ಮೀನು ಕೊಳ್ಳುವುದಿಲ್ಲ, ಮಾರುವುದೂ ಇಲ್ಲ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಪರವಾಗಿ ಲೆಕ್ಕ ಬರೆಯುವವರು ಅವರು. 1947ರಲ್ಲಿ ಶುರುವಾದ ಈ ಸಂಸ್ಥೆಯ ಮುಖ್ಯ ಕಚೇರಿ ಈಗ ಕೊಚ್ಚಿಯಲ್ಲಿದೆ, ಮಂಗಳೂರಿನಲ್ಲೂ ಒಂದು ಕೇಂದ್ರವಿದೆ. ದೇಶದ ಕರಾವಳಿಯಲ್ಲಿ ಮೀನು ಇಳಿಸುವ ಜಾಗಗಳೇ ಸಾವಿರಕ್ಕೂ ಹೆಚ್ಚು. ಎಲ್ಲ ಕಡೆ ಎಲ್ಲ ದಿನ ನಿಂತು ಬರೆಯುವುದು ಆಗದ ಮಾತು. ಹಾಗಾಗಿ ಅನ್ನ ಬೆಂದಿದೆಯೇ ಎಂದು ಅಗುಳು ಹಿಸುಕಿ ನೋಡುವಂತೆ ಮಾದರಿ ತೆಗೆಯುತ್ತಾರೆ.

ಹಿಸುಕುವ ಅಗುಳನ್ನು ಆರಿಸುವುದಕ್ಕೆ ಕಟ್ಟುನಿಟ್ಟಿನ ಕ್ರಮವಿದೆ. ತಿಂಗಳನ್ನು ಹತ್ತು ಹತ್ತು ದಿನಗಳ ಮೂರು ಭಾಗ ಮಾಡುತ್ತಾರೆ. ಪ್ರತಿ ಭಾಗದಲ್ಲೂ ಎರಡೆರಡು ದಿನಗಳ ಜೋಡಿಗಳನ್ನು ಚೀಟಿ ಎತ್ತಿದ ಹಾಗೆ ಗೊತ್ತು ಮಾಡುತ್ತಾರೆ. ಜೋಡಿಯ ಮೊದಲ ದಿನ ಮಧ್ಯಾಹ್ನ 12ರಿಂದ ಸಂಜೆ 6ರವರೆಗೆ, ಮರುದಿನ ಬೆಳಗ್ಗೆ 6ರಿಂದ 12ರವರೆಗೆ ಬಂದರಿನಲ್ಲಿ ನಿಂತು ಬರೆಯಬೇಕು. ಬಂದ ಬೋಟುಗಳು ಹದಿನೈದರೊಳಗಿದ್ದರೆ ಪ್ರತಿಯೊಂದರ ಮೀನನ್ನೂ ಬರೆಯುತ್ತಾರೆ. ಐವತ್ತು ದಾಟಿದರೆ ಐದಕ್ಕೊಂದು.

ಮತ್ತೆ ರಾತ್ರಿ ಇಳಿದ ಮೀನು? ಅದನ್ನು ಯಾರೂ ನೋಡಿರುವುದಿಲ್ಲ. ಬೆಳಗ್ಗೆ ಬೋಟು ನಡೆಸುವ ತಂಡೇಲರ ಹತ್ತಿರ, ಬೋಟಿನಲ್ಲಿ ದುಡಿಯುವ ಕಲಾಸಿಗಳ ಹತ್ತಿರ, ಹರಾಜಿನವರ ಹತ್ತಿರ ಕೇಳಿಯೇ ಬರೆಯಬೇಕು. ಮಾತು ಹೆಚ್ಚಾಗಿ ತುಳುವಿನಲ್ಲಿ ನಡೆಯುತ್ತದೆ, ಕನ್ನಡದಲ್ಲಿ ಹೇಳುವುದಾದರೆ ಇಷ್ಟೇ.

"ರಾತ್ರಿ ಏನು ಬಂತು ಮಾರಾಯ್ರೆ?"

"ಏನು ಬರುವುದು! ಡೀಸೆಲಿನ ದುಡ್ಡು ಸಹ ಹುಟ್ಟಲಿಲ್ಲ."

"ಎಷ್ಟು ಸಲ ಬಲೆ ಬಿಟ್ಟಿರಿ? ಎಷ್ಟು ಮಾರು ನೀರಲ್ಲಿ?"

ಈ ಕೊನೆಯ ಎರಡು ಪ್ರಶ್ನೆ ಕೇಳದೆ ಮೀನನ್ನು ಮಾತ್ರ ತೂಗಿಕೊಂಡು ಹೋದರೆ ಆ ಲೆಕ್ಕಕ್ಕೆ ಅರ್ಥವೇ ಇಲ್ಲ. ಹತ್ತು ವರ್ಷದ ಹಿಂದೆ ಒಂದು ಬೋಟು ಬೆಳಗ್ಗೆ ಹೋಗಿ ಸಂಜೆಗೆ ಹತ್ತು ಬುಟ್ಟಿ ತಂದಿತ್ತು, ಇವತ್ತು ಅದೇ ಅಳತೆಯ ಬೋಟು ದೊಡ್ಡ ಎಂಜಿನ್ ಹಾಕಿ, ಮೀನು ತೋರಿಸುವ ಯಂತ್ರ ಇಟ್ಟುಕೊಂಡು, ವಾರಗಟ್ಟಲೆ ತಿರುಗಿ ಅದೇ ಹತ್ತು ಬುಟ್ಟಿ ತಂದಿದೆ ಎಂದಿಟ್ಟುಕೊಳ್ಳಿ. ತಕ್ಕಡಿಗೆ ಎರಡೂ ಒಂದೇ. ಕಡಲಿನ ಮಟ್ಟಿಗೆ ಎರಡರ ನಡುವೆ ಅಜಗಜಾಂತರ. ಎಷ್ಟು ಶ್ರಮಕ್ಕೆ ಎಷ್ಟು ಮೀನು ಎನ್ನುವ ಈ ಪ್ರಮಾಣವೇ ಅಂದಾಜಿನ ಬೆನ್ನೆಲುಬು. ಆ ಶ್ರಮದ ಲೆಕ್ಕ ಇರುವುದು ತಂಡೇಲರ ತಲೆಯಲ್ಲಿ ಮಾತ್ರ.

ಇನ್ನೊಂದು ಕೆಲಸ ಇದೆ, ನನಗೆ ಬಹಳ ಇಷ್ಟವಾದದ್ದು. ಒಂದು ಬುಟ್ಟಿಯಿಂದ ಹಿಡಿಯಷ್ಟು ಬೂತಾಯಿಯನ್ನು ಆರಿಸದೆ ಬಾಚಿಕೊಳ್ಳುತ್ತಾರೆ. ಆರಿಸಿದರೆ ಕೈ ತಾನಾಗಿ ದೊಡ್ಡ ಮೀನಿನ ಕಡೆಗೇ ಹೋಗುತ್ತದೆ. ಅಳತೆ ಪಟ್ಟಿಯ ಮೇಲೆ ಒಂದೊಂದನ್ನೇ ಮಲಗಿಸಿ ಮೂತಿಯಿಂದ ಬಾಲದ ತುದಿಯವರೆಗೆ ಅಳೆಯುತ್ತಾರೆ. 13, 14, 14, 16 ಸೆಂಟಿಮೀಟರ್. ಆಮೇಲೆ ಕೆಲವನ್ನು ಹೊಟ್ಟೆ ಸೀಳಿ ನೋಡುತ್ತಾರೆ. ಮೊಟ್ಟೆ ಇದೆಯೇ, ಎಷ್ಟು ಬಲಿತಿದೆ, ಅಥವಾ ಇಟ್ಟು ಮುಗಿಸಿ ಹೊಟ್ಟೆ ಬರಿದಾಗಿದೆಯೇ? ಬೂತಾಯಿ ಬದುಕುವುದೇ ಎರಡು, ಎರಡೂವರೆ ವರ್ಷ. ಒಂದು ವರ್ಷ ತುಂಬುವ ಹೊತ್ತಿಗೆ, ಸುಮಾರು 15 ಸೆಂಟಿಮೀಟರ್ ಆದಾಗ, ಮೊಟ್ಟೆ ಇಡುವಷ್ಟು ಬೆಳೆಯುತ್ತದೆ. ಮಳೆಗಾಲವೇ ಅದರ ಮುಖ್ಯ ಹೆರಿಗೆಯ ಕಾಲ. ತಿಂಗಳ ನಂತರ ತಿಂಗಳು ಈ ಅಳತೆಗಳನ್ನು ಸಾಲಾಗಿ ಇಟ್ಟರೆ, ಮೀನು ಎಷ್ಟು ವೇಗದಲ್ಲಿ ಬೆಳೆಯುತ್ತಿದೆ, ದೊಡ್ಡವು ಎಷ್ಟು ಬೇಗ ಕಾಣೆಯಾಗುತ್ತಿವೆ ಎಂಬುದು ಹೊರಬರುತ್ತದೆ. ಅಳತೆಗಳೆಲ್ಲ ಚಿಕ್ಕ ಅಂಕಿಯ ಕಡೆಗೆ ಜಾರುತ್ತಾ ಬಂದರೆ ಅದು ಅಪಾಯದ ಸುದ್ದಿ. ಬೀಜದ ಮುಡಿ ಬಿಚ್ಚಿ ಅನ್ನಕ್ಕೆ ಹಾಕುತ್ತಿದ್ದೇವೆ ಎಂದರ್ಥ.

ಬೂತಾಯಿಯ ಲೆಕ್ಕ ಎಷ್ಟು ಕಷ್ಟದ್ದು ಎನ್ನುವುದಕ್ಕೆ ಪಕ್ಕದ ಕೇರಳ ಸಾಕ್ಷಿ. 2012ರಲ್ಲಿ ಅಲ್ಲಿ ನಾಲ್ಕು ಲಕ್ಷ ಟನ್ನಿನ ಹತ್ತಿರ ಹತ್ತಿರ ಬೂತಾಯಿ ಇಳಿದಿತ್ತು. 2021ರಲ್ಲಿ ಇಳಿದದ್ದು 3,297 ಟನ್. ಅತಿಯಾಗಿ ಹಿಡಿದದ್ದು ಒಂದು ಕಾರಣ. ಆದರೆ ಕಡಲು ಬಿಸಿಯಾದದ್ದು, 2015ರ ಎಲ್ ನಿನೊ ಎಂಬ ಪೆಸಿಫಿಕ್ ಸಾಗರದ ಬಿಸಿಯೇರಿಕೆ, ಮಳೆಗಾಲದಲ್ಲಿ ತಳದ ತಣ್ಣೀರು ಮೇಲೆ ಬಂದು ಬೂತಾಯಿಗೆ ಮೇವಾಗುವ ಸೂಕ್ಷ್ಮ ಪಾಚಿ ಬೆಳೆಸುವ ಕ್ರಮದಲ್ಲಿ ಆದ ಏರುಪೇರು, ಇವೂ ಸೇರಿಕೊಂಡಿವೆ. ಬೂತಾಯಿ ಹಿಂದೆಯೂ ಹೀಗೆ ಮಾಯವಾಗಿ ಮರಳಿದೆ. 1940ರ ದಶಕದಲ್ಲಿ, ಎಂಜಿನ್ ಬೋಟುಗಳೇ ಇಲ್ಲದ ಕಾಲದಲ್ಲಿ, ಈ ಕರಾವಳಿಯಲ್ಲಿ ಅದು ತೀರಾ ಕಡಿಮೆಯಾಗಿತ್ತು. ತಪ್ಪು ಬಲೆಯದೋ ನೀರಿನದೋ ಎಂದು ಬಿಡಿಸಿ ಹೇಳಲು ಬರೀ ತೂಕದ ಪಟ್ಟಿಗೆ ಆಗುವುದಿಲ್ಲ. ಯಾವ ವಾರ ನೀರಿನ ಬಣ್ಣ ತಿರುಗಿತು, ಮೀನು ದಡ ಬಿಟ್ಟು ಆಳಕ್ಕೆ ಹೋಯಿತೋ ಇಲ್ಲವೇ ಇರಲೇ ಇಲ್ಲವೋ, ಇದನ್ನು ಹೇಳಬಲ್ಲವರು ಅಲ್ಲೇ ಇದ್ದವರು. ದಡದಲ್ಲಿ ನಿಂತು ಹತ್ತಾರು ಜನ ಸೇರಿ ಎಳೆಯುವ ರಂಪಣಿ ಬಲೆ ಎಳೆದವರು, 1970ರ ದಶಕದ ಕೊನೆಯಲ್ಲಿ ಮೀನಿನ ಗುಂಪನ್ನೇ ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟು ಬಂದು ರಂಪಣಿ ಮೂಲೆ ಸೇರಿದ್ದನ್ನು ಕಂಡವರು ನಮ್ಮ ಮೊಗವೀರ ಊರುಗಳಲ್ಲಿ ಇನ್ನೂ ಇದ್ದಾರೆ. ಅವರ ನೆನಪನ್ನು ಹಳೆಯ ಕತೆ ಎಂದು ಬದಿಗಿಡುವುದು ದೊಡ್ಡ ನಷ್ಟ.

ಬದಿಗಿಟ್ಟರೆ ಏನಾಗುತ್ತದೆ? ಆಗಲೇ ಹೇಳಿದ ಕತೆ ಇದು, ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನದು.

ಅಲ್ಲಿನ ಬದುಕು ನಿಂತದ್ದು ಕಾಡ್ ಎಂಬ ಒಂದೇ ಮೀನಿನ ಮೇಲೆ. ಐದು ಶತಮಾನ ಹಿಡಿದರೂ ಮುಗಿಯದ ಮೀನು. 1968ರಲ್ಲಿ, ಯುರೋಪಿನ ದೊಡ್ಡ ಟ್ರಾಲರುಗಳೂ ಸೇರಿ, ಆ ಒಂದೇ ವರ್ಷ ಸುಮಾರು ಎಂಟು ಲಕ್ಷ ಟನ್ ಎತ್ತಿದವು. 1977ರಲ್ಲಿ ಕೆನಡಾ ತನ್ನ ಕಡಲ ಗಡಿಯನ್ನು 200 ನಾಟಿಕಲ್ ಮೈಲಿಗೆ ವಿಸ್ತರಿಸಿ ಹೊರಗಿನವರನ್ನು ದೂರವಿಟ್ಟಿತು. ಇನ್ನು ಮೀನು ಹೆಚ್ಚುತ್ತದೆ ಎಂದು ಎಲ್ಲರೂ ನಂಬಿದರು. ಸರ್ಕಾರದ ವಿಜ್ಞಾನಿಗಳ ಅಂಕಿಅಂಶವೂ ಹಾಗೆಯೇ ಹೇಳಿತು.

ದಡದ ಹತ್ತಿರ ಸಣ್ಣ ದೋಣಿಗಳಲ್ಲಿ, ಒಂದೇ ಜಾಗದಲ್ಲಿ ಬಲೆ ಕಟ್ಟಿ ಕಾಯುತ್ತಿದ್ದ ಮೀನುಗಾರರು ಮಾತ್ರ ಬೇರೆಯೇ ಹೇಳುತ್ತಿದ್ದರು. ಮೀನು ಕಡಿಮೆಯಾಗುತ್ತಿದೆ, ಸಿಗುವುದೂ ಸಣ್ಣದಾಗುತ್ತಿದೆ. 1980ರ ದಶಕದಲ್ಲಿ ಅವರು ಇದನ್ನು ಮತ್ತೆ ಮತ್ತೆ ಹೇಳಿದರು. ಅವರ ಸಂಘವೇ ಜೀವಶಾಸ್ತ್ರಜ್ಞರನ್ನು ಹಿಡಿದು ವರದಿ ಬರೆಸಿತು. 1986ರ ಆ ವರದಿ, ಸರ್ಕಾರದ ಅಂದಾಜು ವಾಸ್ತವಕ್ಕಿಂತ ಹೆಚ್ಚಿದೆ ಎಂದಿತು. ಅದಕ್ಕೆ ಸಿಗಬೇಕಾದ ಬೆಲೆ ಸಿಗಲಿಲ್ಲ.

ಅಂಕಿಅಂಶ ತಪ್ಪಿದ್ದು ಎಲ್ಲಿ ಎಂದು ನೋಡಿದರೆ ಎದೆ ಧಸಕ್ಕೆನ್ನುತ್ತದೆ, ಏಕೆಂದರೆ ಬೂತಾಯಿ, ಬಂಗುಡೆಯಂಥ ಗುಂಪು ಮೀನಿನಲ್ಲಿ ನಮಗೂ ಅದೇ ಆಗಬಹುದು. ವಿಜ್ಞಾನಿಗಳು ಆಳಕಡಲಿನ ಟ್ರಾಲರುಗಳು ಗಂಟೆಗೆ ಎಷ್ಟು ಮೀನು ಎತ್ತುತ್ತಿವೆ ಎನ್ನುವುದಕ್ಕೆ ಹೆಚ್ಚು ತೂಕ ಕೊಟ್ಟರು. ಮೀನು ಕಡಿಮೆಯಾದಂತೆ ಉಳಿದವು ಒತ್ತೊತ್ತಾಗಿ ಗುಂಪು ಕಟ್ಟಿಕೊಂಡವು. ಟ್ರಾಲರುಗಳು ಯಂತ್ರದಲ್ಲಿ ಆ ಗುಂಪನ್ನೇ ಹುಡುಕಿ ಬಲೆ ಹಾಕಿದವು, ಬಲೆ ತುಂಬುತ್ತಲೇ ಇತ್ತು. ಕೊನೆಯ ಗುಂಪು ಮುಗಿಯುವವರೆಗೂ ಆ ಲೆಕ್ಕದಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಮೀನನ್ನು ಹುಡುಕಿಕೊಂಡು ಹೋಗದೆ ಒಂದೇ ಕಡೆ ಕಾಯುವ ದಡದವನ ಬಲೆಯೇ ನಿಜವಾದ ಅಳತೆಗೋಲಾಗಿತ್ತು.

1992ರ ಜುಲೈ 2ರಂದು ಕೆನಡಾದ ಮೀನುಗಾರಿಕೆ ಮಂತ್ರಿ ಜಾನ್ ಕ್ರಾಸ್ಬಿ ಕಾಡ್ ಹಿಡಿಯುವುದನ್ನು ನಿಲ್ಲಿಸಿದರು. 30 ಸಾವಿರಕ್ಕೂ ಹೆಚ್ಚು ಜನರ ಕೆಲಸ ಹೋಯಿತು. ಎರಡು ವರ್ಷಕ್ಕೆಂದು ಹಾಕಿದ ನಿಷೇಧ ತೆರವಾದದ್ದು 32 ವರ್ಷಗಳ ಮೇಲೆ, 2024ರಲ್ಲಿ. ಆಗ ಹಿಡಿಯಲು ಬಿಟ್ಟ ಪ್ರಮಾಣ 18,000 ಟನ್. ಎಂಟು ಲಕ್ಷದ ಪಕ್ಕದಲ್ಲಿ ಇಟ್ಟು ನೋಡಿ.

ನಿಷೇಧದ ನಡುವೆಯೇ ಕೆನಡಾ ಒಂದು ಒಳ್ಳೆಯ ಕೆಲಸ ಮಾಡಿತು. 1995ರಿಂದ ಅದೇ ದಡದ ಮೀನುಗಾರರಿಗೆ ತರಬೇತಿ ಕೊಟ್ಟು ಕಾವಲು ಮೀನುಗಾರಿಕೆ ಶುರು ಮಾಡಿತು. ಪ್ರತಿ ವರ್ಷ ಗೊತ್ತುಮಾಡಿದ ಜಾಗ, ಗೊತ್ತುಮಾಡಿದ ಬಲೆ. ಸಿಕ್ಕಿದ್ದನ್ನು ಅವರೇ ಅಳೆಯುತ್ತಾರೆ, ನೀರಿನ ಉಷ್ಣತೆ ಬರೆಯುತ್ತಾರೆ, ಮೀನಿನ ತಲೆಯೊಳಗಿನ ಕಿವಿಗಲ್ಲನ್ನು ತೆಗೆದಿಡುತ್ತಾರೆ. ಮರದ ಕಾಂಡದಂತೆ ಆ ಕಲ್ಲಿನಲ್ಲಿ ಮೂಡುವ ಉಂಗುರಗಳಿಂದ ಮೀನಿನ ವಯಸ್ಸು ತಿಳಿಯುತ್ತದೆ. ಬಲೆ ಬರಿದಾಗಿ ಬಂದರೆ ಸೊನ್ನೆ ಎಂದು ಬರೆಯುತ್ತಾರೆ. ಆ ಸೊನ್ನೆಯೂ ಅಂದಾಜಿನ ಲೆಕ್ಕದೊಳಗೆ ಸೇರುತ್ತದೆ.

ಇದು ನಮ್ಮಲ್ಲಿ ಆಗದ ಕೆಲಸವೇನಲ್ಲ. ಕೊಲ್ಲಂ ಹತ್ತಿರದ ಅಷ್ಟಮುಡಿ ಹಿನ್ನೀರಿನಲ್ಲಿ ಮರುವಾಯಿ ಎಂಬ ಚಿಪ್ಪುಜೀವಿಯನ್ನು ತೆಗೆಯುವವರು, ವಿಜ್ಞಾನಿಗಳು, ಮೀನುಗಾರಿಕೆ ಇಲಾಖೆಯವರು ಒಂದೇ ಸಮಿತಿಯಲ್ಲಿ ಕೂತು ನಿಯಮ ಮಾಡಿಕೊಂಡಿದ್ದಾರೆ. ಮೊಟ್ಟೆ ಇಡುವ ಡಿಸೆಂಬರಿನಿಂದ ಫೆಬ್ರವರಿವರೆಗೆ ಮರುವಾಯಿ ತೆಗೆಯುವಂತಿಲ್ಲ, ಬಲೆಯ ಕಣ್ಣು 30 ಮಿಲಿಮೀಟರಿಗಿಂತ ಸಣ್ಣದಿರುವಂತಿಲ್ಲ. 2014ರಲ್ಲಿ ಅದಕ್ಕೆ ಸುಸ್ಥಿರ ಮೀನುಗಾರಿಕೆಯ ಅಂತಾರಾಷ್ಟ್ರೀಯ ಮಾನ್ಯತೆ ಸಿಕ್ಕಿತು, ಭಾರತದಲ್ಲಿ ಅದೇ ಮೊದಲು. ಹಿನ್ನೀರು ಸಣ್ಣದು, ಮರುವಾಯಿ ಓಡಿಹೋಗುವುದಿಲ್ಲ, ಅಲ್ಲಿ ಸುಲಭವಾಯಿತು ಎನ್ನಬಹುದು. ನಿಜ. ಆದರೂ ನಿಯಮ ಉಳಿದದ್ದು ಅದನ್ನು ಪಾಲಿಸಬೇಕಾದವರೇ ಕೂತು ಮಾಡಿದ್ದರಿಂದ ಎಂಬುದೇ ನನ್ನ ನಂಬಿಕೆ.

ನಮ್ಮ ಕರಾವಳಿಯಲ್ಲಿ ನನಗೆ ನೋವಾಗುವ ಸಂಗತಿ ಎಂದರೆ, ಲೆಕ್ಕ ಬಂದರಿನಿಂದ ಹೋಗುತ್ತದೆ, ಬಂದರಿಗೆ ತಿರುಗಿ ಬರುವುದು ಕಡಿಮೆ. 2022ರಲ್ಲಿ ದೇಶದ 135 ಮೀನು ಸಂಗ್ರಹಗಳನ್ನು ಪರೀಕ್ಷಿಸಿ ಶೇ 91.1ರಷ್ಟು ಸುಸ್ಥಿತಿಯಲ್ಲಿವೆ ಎಂದು ಆಗಲೇ ಹೇಳಿದ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಹೇಳಿತು. ಸಂಗ್ರಹ ಎಂದರೆ ಒಂದು ಪ್ರದೇಶದಲ್ಲಿ ಒಟ್ಟಾಗಿ ಹುಟ್ಟಿ ಬೆಳೆಯುವ ಒಂದು ಜಾತಿಯ ಮೀನಿನ ಬಳಗ. ಡೀಸೆಲಿನ ದುಡ್ಡು ಹುಟ್ಟದ ದಿನ ಇದನ್ನು ಓದಿದ ತಂಡೇಲರಿಗೆ ಇದು ಯಾವ ಊರಿನ ಮಾತು ಎನ್ನಿಸುವುದು ಸಹಜ. ತನ್ನ ಬಂದರಿನ ಬೂತಾಯಿ ಕಳೆದ ಐದು ವರ್ಷದಲ್ಲಿ ಎಷ್ಟು ಉದ್ದವಿತ್ತು, ತನ್ನ ಬಲೆಯ ಒಂದು ಗಂಟೆಗೆ ಎಷ್ಟು ಬಂತು ಎಂಬ ಪಟ್ಟಿಯನ್ನು ಕನ್ನಡದಲ್ಲಿ ಹರಾಜು ಕಟ್ಟೆಯ ಗೋಡೆಗೆ ಹಚ್ಚಿದರೆ, ಅವರು ಅಲ್ಲೇ ನಿಂತು "ಇದು ಸರಿ, ಇದು ತಪ್ಪು" ಎನ್ನುತ್ತಾರೆ. ಆ ತಿದ್ದುವಿಕೆಗೆ ಸಾವಿರ ಪುಟದ ವರದಿಯ ಬೆಲೆ ಇದೆ. ಜತೆಗೆ ಒಂದು ಭಯವೂ ಇದೆ: ನಿಜ ಹೇಳಿದರೆ ನಾಳೆ ನಮ್ಮ ಬಲೆಗೇ ನಿಷೇಧ ಬರುತ್ತದೆ ಎಂದು. ಹೇಳಿದ ಲೆಕ್ಕವನ್ನು ದಂಡ ಹಾಕುವುದಕ್ಕೆ ಬಳಸುವುದಿಲ್ಲ ಎಂಬ ಭರವಸೆ ಮೊದಲು ಸಿಗಬೇಕು.

ಮೀನು ತಿನ್ನುವ ನಾವೂ ಈ ಲೆಕ್ಕದ ಹೊರಗಿಲ್ಲ. ಕೇರಳವು 2015ರಲ್ಲಿ ಹಿಡಿಯಬಹುದಾದ ಕನಿಷ್ಠ ಅಳತೆಯನ್ನು ಗೊತ್ತು ಮಾಡಿತು. ಬೂತಾಯಿ 10 ಸೆಂಟಿಮೀಟರ್, ಬಂಗುಡೆ 14. ಅಂಗೈಯನ್ನು ಪಕ್ಕಕ್ಕಿಟ್ಟರೆ ಗೊತ್ತಾಗುವ ಅಳತೆ. ಮೀನು ಸಣ್ಣದಾಗುತ್ತಾ ಬಂದರೆ ಅದು ಮೀನು ಮಾರುವ ಹೆಂಗಸರಿಗೆ ಎಲ್ಲರಿಗಿಂತ ಮೊದಲು ಕಾಣುತ್ತದೆ, ಬುಟ್ಟಿಯಲ್ಲಿ ನೂರು ರೂಪಾಯಿಗೆ ಎಷ್ಟು ಮೀನು ಎಣಿಸಿ ಹಾಕಬೇಕು ಎನ್ನುವುದೇ ಅವರ ದಿನದ ಲೆಕ್ಕ. ಅವರನ್ನು ಕೇಳಿ ಬರೆದುಕೊಳ್ಳುವ ವ್ಯವಸ್ಥೆ ಆಗಬೇಕು.

ನೀವು ಮೀನುಗಾರರ ಮನೆಯವರಾಗಿದ್ದರೆ ಒಂದು ಬೇಡಿಕೆ. ಪುಸ್ತಕ ಹಿಡಿದವರು ಬಂದಾಗ ಸಿಕ್ಕಿದ ಮೀನಿನ ಜತೆಗೆ ಬಲೆ ಬಿಟ್ಟ ಗಂಟೆ, ನೀರಿನ ಆಳ, ಕಡಲಿಗೇ ವಾಪಸ್ ಚೆಲ್ಲಿದ್ದು, ಮೀನನ್ನು ಒಣಗಿಸಿ ಹಿಟ್ಟು ಮಾಡುವ ಫಿಶ್‌ಮೀಲ್ ಕಾರ್ಖಾನೆಗೆ ಹೋದ ಮರಿಗಳು, ಇವನ್ನೂ ಹೇಳಿ. ಏನೂ ಸಿಗದೆ ಬಂದ ದಿನ ಬೇಸರದಲ್ಲಿ ಮುಖ ತಿರುಗಿಸಿ ಹೋಗಬೇಡಿ, ಅವರನ್ನು ಕರೆದು ಆ ದಿನವನ್ನೂ ಬರೆಸಿ.