ಒಪ್ಪಿ ಸಹಿ ಹಾಕಿದ ಮೇಲೂ: ಸಾಮಾಜಿಕ ಉದಾರವಾದ ಹುಟ್ಟಿದ ಕಥೆ

ಕಾರ್ಮಿಕ ಪ್ರಕರಣ ನಡೆಸುವ ವಕೀಲರು ಎದುರು ಪಕ್ಷದಿಂದ ಮೇಲಿಂದ ಮೇಲೆ ಕೇಳುವ ಮಾತು ಒಂದಿದೆ. ‘ಅವರೇ ಒಪ್ಪಿ ಸಹಿ ಹಾಕಿದ್ದಾರೆ ಸ್ವಾಮಿ, ಇನ್ನೇನು?’ ಕಡಿಮೆ ಕೂಲಿಗೆ ಒಪ್ಪಿದ ಪತ್ರ, ಪರಿಹಾರ ಬೇಡ ಎಂದು ಬರೆದುಕೊಟ್ಟ ಮುಚ್ಚಳಿಕೆ, ಲೆಕ್ಕ ಚುಕ್ತಾ ಆಯಿತು ಎಂಬ ರಸೀದಿ. ಸಹಿ ನಿಜವೇ ಇರುತ್ತದೆ, ಹೆಬ್ಬೆಟ್ಟೂ ನಿಜವೇ. ಆದರೂ ನಮ್ಮ ಕಾನೂನು ಎಷ್ಟೋ ಕಡೆ ಆ ಸಹಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಯಾಕೆ ಅಂತ ಹಿಂದಕ್ಕೆ ಹುಡುಕಿಕೊಂಡು ಹೋದರೆ 1880ರ ದಶಕದ ಇಂಗ್ಲೆಂಡಿಗೆ ಬಂದು ನಿಲ್ಲುತ್ತೇವೆ. ಇವತ್ತು ಸಾಮಾಜಿಕ ಉದಾರವಾದ ಎಂದು ಕರೆಯುವ ರಾಜಕೀಯ ವಿಚಾರ ಬೆಳೆದದ್ದು ಬಹುಪಾಲು ಇದೇ ಜಗಳದ ಸುತ್ತ.

ಅದಕ್ಕೂ ಮೊದಲಿನ ಉದಾರವಾದಿಗಳು ಕೆಟ್ಟವರೇನಲ್ಲ. ರಾಜನ ದರ್ಬಾರು, ಚರ್ಚಿನ ಹಿಡಿತ, ಜಮೀನ್ದಾರರ ಲಾಭಕ್ಕಿದ್ದ ಧಾನ್ಯದ ಸುಂಕ ಇವುಗಳ ವಿರುದ್ಧ ಹೋರಾಡಿದವರು. 1846ರಲ್ಲಿ ಆ ಸುಂಕದ ಕಾನೂನು ರದ್ದಾಗಿದ್ದು ಅವರ ದೊಡ್ಡ ಗೆಲುವು. ಸರ್ಕಾರ ಪಕ್ಕಕ್ಕೆ ಸರಿದರೆ ಜನ ತಾವೇ ಸ್ವತಂತ್ರರಾಗುತ್ತಾರೆ ಎಂಬುದು ಅವರ ನಂಬಿಕೆ. ಆದರೆ ಕಾರ್ಖಾನೆ ಊರುಗಳಲ್ಲಿ ಸರ್ಕಾರ ಪಕ್ಕಕ್ಕೆ ಸರಿದ ಜಾಗಕ್ಕೆ ಮಾಲೀಕ ಬಂದು ಕೂತಿದ್ದ.

1880ರಲ್ಲಿ ಬ್ರಿಟನ್ ಸಂಸತ್ತು ಮಾಲೀಕರ ಹೊಣೆಗಾರಿಕೆಯ ಕಾಯ್ದೆ ತಂದಿತು. ಮೇಲ್ವಿಚಾರಕರ ತಪ್ಪಿನಿಂದ ಕೆಲಸಗಾರನಿಗೆ ಪೆಟ್ಟಾದರೆ ಕೆಲವು ಸಂದರ್ಭಗಳಲ್ಲಿ ಮಾಲೀಕನೇ ಪರಿಹಾರ ಕೊಡಬೇಕು. ‘ಇದು ಒಪ್ಪಂದದ ಸ್ವಾತಂತ್ರ್ಯಕ್ಕೆ ಕೈ ಹಾಕಿದ ಹಾಗೆ’ ಎಂದು ಹಳೆಯ ಉದಾರವಾದಿಗಳೇ ಗಲಾಟೆ ಎಬ್ಬಿಸಿದರು. 1881ರ ಜನವರಿಯಲ್ಲಿ ಲೆಸ್ಟರ್ ಪಟ್ಟಣದ ಉದಾರವಾದಿಗಳ ಸಭೆಯಲ್ಲಿ ಅವರಿಗೆ ಉತ್ತರ ಕೊಟ್ಟವರು ಟಿ.ಎಚ್. ಗ್ರೀನ್. ಆಕ್ಸ್‌ಫರ್ಡಿನಲ್ಲಿ ತತ್ವಶಾಸ್ತ್ರದ ಪ್ರೊಫೆಸರ್. ಅಲ್ಲಿನ ನಗರಸಭೆಗೂ ಆರಿಸಿ ಬಂದಿದ್ದರು.

ಗ್ರೀನ್ ವಾದ ಸರಳ. ಒಬ್ಬ ಮನುಷ್ಯ ಮನಸಾರೆ ಒಪ್ಪಿ ತನ್ನನ್ನೇ ಗುಲಾಮನಾಗಿ ಮಾರಿಕೊಂಡರೆ ಆ ಒಪ್ಪಂದವನ್ನು ಯಾವ ಕೋರ್ಟೂ ಜಾರಿ ಮಾಡುವುದಿಲ್ಲ. ಅಂದಮೇಲೆ ಒಪ್ಪಂದದ ಸ್ವಾತಂತ್ರ್ಯಕ್ಕೆ ಒಂದು ಮಿತಿ ಇದೆ ಎಂದು ನಾವು ಆಗಲೇ ಒಪ್ಪಿದ್ದೇವೆ, ಅಲ್ವಾ? ಯಾರೂ ತಡೆಯದಿದ್ದರೆ ಸಾಕು, ಅದೇ ಸ್ವಾತಂತ್ರ್ಯ ಅನ್ನುವುದನ್ನು ಅವರು ಒಪ್ಪಲಿಲ್ಲ. ಬಾಳಿಗೆ ಯೋಗ್ಯವಾದುದನ್ನು ಮಾಡುವ, ಅನುಭವಿಸುವ ಶಕ್ತಿ ಕೈಯಲ್ಲಿರಬೇಕು. ಆ ಶಕ್ತಿ ಎಲ್ಲರಿಗೂ ಬರಬೇಕು. ಓದು, ಆರೋಗ್ಯ, ಸುರಕ್ಷಿತ ಕೆಲಸ ಇಲ್ಲದವನಿಗೆ ಅದು ಬರುವುದಿಲ್ಲ. ಆ ಅಡ್ಡಿಗಳನ್ನು ತೆಗೆಯುವುದು ಸರ್ಕಾರದ ಕೆಲಸ. ಹೀಗೆ ಮಾಡುವ ಸರ್ಕಾರ ಸ್ವಾತಂತ್ರ್ಯವನ್ನು ಜಾಸ್ತಿ ಮಾಡುತ್ತದೆ, ಕಸಿದುಕೊಳ್ಳುವುದಿಲ್ಲ.

ಗ್ರೀನ್ 1882ರಲ್ಲಿ ತೀರಿಕೊಂಡರು. ವಯಸ್ಸು ಇನ್ನೂ 45. ಅದೇ ವರ್ಷ ಬಂದ ಒಂದು ತೀರ್ಪು ಅವರ ಮಾತು ಎಷ್ಟು ಸರಿ ಎಂದು ತೋರಿಸಿತು. ಕಲ್ಲಿದ್ದಲು ಗಣಿಯಲ್ಲಿ ಸತ್ತ ಗ್ರಿಫಿತ್ಸ್ ಎಂಬ ಕೆಲಸಗಾರನ ಹೆಂಡತಿ, ಗಣಿಯ ಮಾಲೀಕ ಅರ್ಲ್ ಆಫ್ ಡಡ್ಲಿ ವಿರುದ್ಧ ದಾವೆ ಹೂಡಿದ್ದಳು. ಆದರೆ ಹೊಸ ಕಾಯ್ದೆಯ ಪರಿಹಾರ ಕೇಳುವುದಿಲ್ಲ ಎಂಬ ಷರತ್ತಿಗೆ ಗಂಡ ಮೊದಲೇ ಒಪ್ಪಿದ್ದ. ಷರತ್ತು ಊರ್ಜಿತ, ಹೆಂಡತಿಗೂ ಅದು ಅನ್ವಯಿಸುತ್ತದೆ ಎಂದಿತು ಕೋರ್ಟು. ಸಂಸತ್ತು ಕೊಟ್ಟ ಹಕ್ಕನ್ನು ಒಂದು ಷರತ್ತು ನುಂಗಿ ಹಾಕಿತು. ಇಂಥ ಷರತ್ತುಗಳನ್ನೇ ನಿಷೇಧಿಸಲು 1893ರಲ್ಲಿ ಗೃಹಮಂತ್ರಿ ಆಸ್ಕ್ವಿತ್ ಮಸೂದೆ ತಂದರು. ಸಂಸತ್ತಿನ ಮೇಲ್ಮನೆಯಾದ ಲಾರ್ಡ್ಸ್ ಸಭೆ ಅದಕ್ಕೆ ಅಡ್ಡ ಹಾಕಿತು, ಸರ್ಕಾರ ಮಸೂದೆಯನ್ನು ಕೈಬಿಟ್ಟಿತು.

ಈ ವಿಚಾರಕ್ಕೆ ಪೂರ್ತಿ ರೂಪ ಕೊಟ್ಟವರು ಎಲ್.ಟಿ. ಹಾಬ್‌ಹೌಸ್. ಪತ್ರಕರ್ತರಾಗಿದ್ದವರು, ಆಮೇಲೆ ಲಂಡನ್ ಸ್ಕೂಲ್ ಆಫ್ ಇಕನಾಮಿಕ್ಸ್‌ನಲ್ಲಿ ಸಮಾಜಶಾಸ್ತ್ರದ ಪ್ರೊಫೆಸರ್ ಆದರು. 1911ರಲ್ಲಿ ಅವರು ಬರೆದದ್ದನ್ನು ಕಿರಿಯ ವಕೀಲರೆಲ್ಲ ಓದಬೇಕು ಎಂಬುದು ನನ್ನ ಆಸೆ. 500 ಜನ ದುಡಿಯುವ ಕಾರ್ಖಾನೆಯಲ್ಲಿ ಒಬ್ಬ ಕೆಲಸ ಬಿಟ್ಟರೆ ಮಾಲೀಕನಿಗೆ ಆಗುವ ನಷ್ಟ 500ರಲ್ಲಿ ಒಂದು ಪಾಲು. ಆ ಒಬ್ಬನಿಗೆ ಹೋಗುವುದು ಇಡೀ ಅನ್ನ. ಇಂಥ ಇಬ್ಬರ ನಡುವಿನ ಒಪ್ಪಿಗೆಯನ್ನು ಸಮಾನರ ಒಪ್ಪಿಗೆ ಎನ್ನಲಾಗದು. ಹಾಬ್‌ಹೌಸ್ ಇನ್ನೊಂದು ಮಾತನ್ನೂ ಸೇರಿಸಿದರು. ಸಂಪತ್ತು ಹುಟ್ಟುವುದು ಒಬ್ಬನ ಬೆವರಿನಿಂದ ಮಾತ್ರ ಅಲ್ಲ. ರಸ್ತೆ, ಪೊಲೀಸ್, ಮಾರುಕಟ್ಟೆ, ತಲೆಮಾರುಗಳ ತಿಳಿವಳಿಕೆ ಎಲ್ಲ ಸೇರಿದಾಗಲೇ ಅದು ಹುಟ್ಟುತ್ತದೆ. ಹಾಗಾಗಿ ತೆರಿಗೆ ಎಂದರೆ ಸಮಾಜ ತನ್ನ ಪಾಲನ್ನು ತಾನು ತೆಗೆದುಕೊಳ್ಳುವುದು. ಹಾಗಂತ ಎಲ್ಲವೂ ಸರ್ಕಾರದ ಕೈಗೆ ಹೋಗಲಿ ಎಂದು ಅವರು ಹೇಳಲಿಲ್ಲ. ಖಾಸಗಿ ಆಸ್ತಿ, ವ್ಯಾಪಾರ, ಭಿನ್ನಮತದ ಹಕ್ಕು ಇವೆಲ್ಲ ಉಳಿಯಬೇಕು. ಸಮಾಜವಾದಕ್ಕೂ ಇದಕ್ಕೂ ಇರುವ ಗೆರೆ ಇದೇ.

ಈ ತತ್ವ ಬೀದಿಗಿಳಿದದ್ದನ್ನು ನೋಡಬೇಕೆಂದರೆ ಬರ್ಮಿಂಗ್‌ಹ್ಯಾಮ್ ಹತ್ತಿರದ ಕ್ರ್ಯಾಡ್ಲಿ ಹೀತ್‌ಗೆ ಹೋಗಬೇಕು. ಅಲ್ಲಿನ ಹೆಂಗಸರು ಮನೆಯ ಹಿತ್ತಲಿನ ಸಣ್ಣ ಕುಲುಮೆಗಳಲ್ಲಿ ಕಬ್ಬಿಣದ ಸರಪಳಿ ಬಡಿಯುತ್ತಿದ್ದರು. ವಾರವಿಡೀ ದುಡಿದರೆ ಸಿಗುತ್ತಿದ್ದುದು ಸುಮಾರು 5 ಶಿಲಿಂಗ್. ಉದಾರವಾದಿ ಸರ್ಕಾರ 1909ರಲ್ಲಿ ನಾಲ್ಕು ಕಸುಬುಗಳಿಗೆ ಕೂಲಿ ಮಂಡಳಿ ಮಾಡುವ ಕಾನೂನು ತಂದಿತು. ಮಂಡಿಸಿದವರು ವಿನ್‌ಸ್ಟನ್ ಚರ್ಚಿಲ್. ಸರಪಳಿ ಮಂಡಳಿ ಗಂಟೆಗೆ ಎರಡೂವರೆ ಪೆನ್ಸ್ ಎಂದು ಗೊತ್ತು ಮಾಡಿತು. 12 ಪೆನ್ಸ್‌ಗೆ ಒಂದು ಶಿಲಿಂಗ್‌ನಂತೆ 54 ಗಂಟೆಯ ವಾರಕ್ಕೆ 11 ಶಿಲಿಂಗ್ 3 ಪೆನ್ಸ್.

ಆದರೆ ಕಾನೂನಿನಲ್ಲಿ ಒಂದು ಸಂದು ಉಳಿದಿತ್ತು. ಕೆಲಸಗಾರರು ಬರೆದುಕೊಟ್ಟರೆ ಆರು ತಿಂಗಳು ಹಳೇ ಕೂಲಿಯನ್ನೇ ಕೊಡಬಹುದಿತ್ತು. ಮಾಲೀಕರು ಕಾಗದ ಹಿಡಿದು ಬಂದರು. ಓದು ಬಾರದ ಎಷ್ಟೋ ಹೆಂಗಸರು ಅದರಲ್ಲಿ ಏನಿದೆ ಎಂದು ಗೊತ್ತಿಲ್ಲದೆ ಗುರುತು ಹಾಕಿದರು. 1910ರ ಆಗಸ್ಟ್‌ನಲ್ಲಿ ಕಾರ್ಮಿಕ ಸಂಘಟಕಿ ಮೇರಿ ಮೆಕಾರ್ಥರ್ ನಾಯಕತ್ವದಲ್ಲಿ ಮುಷ್ಕರ ಶುರುವಾಯಿತು. ದೇಶದ ಮೂಲೆ ಮೂಲೆಯಿಂದ ಸುಮಾರು 4,000 ಪೌಂಡ್ ಚಂದಾ ಬಂತು. ಹತ್ತು ವಾರಗಳ ಬಳಿಕ ಮಾಲೀಕರೆಲ್ಲ ಹೊಸ ದರಕ್ಕೆ ಒಪ್ಪಿದರು. ಉಳಿದ ಚಂದಾ ಹಣದಿಂದ ಊರಿನಲ್ಲಿ ಕೆಲಸಗಾರರಿಗಾಗಿ ಒಂದು ಭವನ ಕಟ್ಟಿದರು.

ಉಳಿದದ್ದು ಬೇಗ ಬೇಗ ಆಯಿತು. 1908ರ ಕಾಯ್ದೆಯಂತೆ 70 ದಾಟಿದ ಬಡವರಿಗೆ ವಾರಕ್ಕೆ 5 ಶಿಲಿಂಗ್‌ವರೆಗೆ ಪಿಂಚಣಿ ಬಂತು. ಅದಕ್ಕೆಲ್ಲ ದುಡ್ಡು ಬೇಕು ಎಂದು ಹಣಕಾಸು ಮಂತ್ರಿ ಲಾಯ್ಡ್ ಜಾರ್ಜ್ 1909ರ ಬಜೆಟ್‌ನಲ್ಲಿ ಶ್ರೀಮಂತರ ಮೇಲೆ ತೆರಿಗೆ ಏರಿಸಿದರು. ಲಾರ್ಡ್ಸ್ ಸಭೆ ಬಜೆಟನ್ನೇ ತಿರಸ್ಕರಿಸಿತು. ಕೊನೆಗೆ 1911ರಲ್ಲಿ ಆ ಸಭೆಯ ಅಧಿಕಾರವನ್ನೇ ಮೊಟಕು ಮಾಡಲಾಯಿತು. ಆಗ ಪ್ರಧಾನಿ ಅದೇ ಆಸ್ಕ್ವಿತ್. ಅದೇ ವರ್ಷ ಬಂದ ಆರೋಗ್ಯ ವಿಮೆಗೆ ಗಂಡಾಳು ವಾರಕ್ಕೆ 4 ಪೆನ್ಸ್, ಮಾಲೀಕ 3, ಸರ್ಕಾರ 2 ಹಾಕುವ ಏರ್ಪಾಡು. ನಮ್ಮ ಇಎಸ್‌ಐ ಚೀಟಿ ಹಿಡಿದು ಆಸ್ಪತ್ರೆಯ ಸಾಲಿನಲ್ಲಿ ನಿಂತವರಿಗೆ ವಂತಿಗೆಯ ಈ ಲೆಕ್ಕ ಹೊಸದೆನಿಸುವುದಿಲ್ಲ.

ಈ ವಿಚಾರದಲ್ಲಿ ಒಂದು ಅಪಾಯವೂ ಇದೆ. ಗ್ರೀನ್ ಇದೇ ತರ್ಕ ಹಿಡಿದು ಹೆಂಡದಂಗಡಿಗಳಿಗೆ ಕಾನೂನಿನ ಕಡಿವಾಣ ಬೇಕು ಎಂದಿದ್ದರು. ಒಳ್ಳೆಯ ಬಾಳು ಯಾವುದು ಎಂದು ಸರ್ಕಾರವೇ ತೀರ್ಮಾನಿಸಲು ಹೊರಟರೆ ಸ್ವಾತಂತ್ರ್ಯದ ಹೆಸರಿನಲ್ಲೇ ಬಲವಂತ ಬರುತ್ತದೆ ಎಂದು 1958ರಲ್ಲಿ ಆಕ್ಸ್‌ಫರ್ಡಿನ ಚಿಂತಕ ಐಸಾಯ ಬರ್ಲಿನ್ ಎಚ್ಚರಿಸಿದರು. ಆ ಎಚ್ಚರಿಕೆಯನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ನಾನು ನೋಡುವುದು ಇಷ್ಟು. ಕಾನೂನು ‘ಆಗಲ್ಲ’ ಎನ್ನುವ ಬಲವನ್ನು ದುಡಿಯುವವಳಿಗೆ ಕೊಡುತ್ತದೆಯೋ ಅಥವಾ ಅವಳ ಪರವಾಗಿ ತಾನೇ ತೀರ್ಮಾನ ಮಾಡುತ್ತದೆಯೋ? ಸರಪಳಿ ಬಡಿಯುವ ಹೆಂಗಸಿಗೆ 11 ಶಿಲಿಂಗ್ ಕೊಡಿಸಿದ ಕಾನೂನು, ಅದನ್ನು ಹೇಗೆ ಖರ್ಚು ಮಾಡಬೇಕು ಎಂದು ಹೇಳಲಿಲ್ಲ.

ನಮ್ಮ ದೇಶಕ್ಕೂ ಇದಕ್ಕೂ ನೇರ ನಂಟಿದೆ. 1916ರಲ್ಲಿ ಲಂಡನ್ನಿಗೆ ಓದಲು ಹೋದ ಅಂಬೇಡ್ಕರ್ ಅಲ್ಲಿ ತೆಗೆದುಕೊಂಡ ಪಾಠಗಳಲ್ಲಿ ಹಾಬ್‌ಹೌಸರದ್ದೂ ಇತ್ತು. 1946ರಲ್ಲಿ ಕನಿಷ್ಠ ವೇತನ ಮಸೂದೆಯನ್ನು ಕೇಂದ್ರ ಶಾಸನಸಭೆಯಲ್ಲಿ ಮಂಡಿಸಿದವರು ಅವರೇ. 1948ರಲ್ಲಿ ಅದು ಕಾಯ್ದೆಯಾದಾಗ 25ನೇ ಕಲಮು ಖಡಾಖಂಡಿತವಾಗಿತ್ತು. ಕನಿಷ್ಠ ಕೂಲಿಯ ಹಕ್ಕು ಬಿಟ್ಟುಕೊಡುವ ಒಪ್ಪಂದ ಅಷ್ಟರ ಮಟ್ಟಿಗೆ ಅಸಿಂಧು. ಕ್ರ್ಯಾಡ್ಲಿ ಹೀತ್‌ನಲ್ಲಿ ಉಳಿದಿದ್ದ ಸಂದು ಇಲ್ಲಿ ಇರಲಿಲ್ಲ. 1982ರಲ್ಲಿ, ದೆಹಲಿ ಏಷ್ಯನ್ ಗೇಮ್ಸ್‌ನ ಕಟ್ಟಡ ಕೆಲಸಗಾರರ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಯಿತು. ಹಸಿವು, ಬಡತನಗಳ ಒತ್ತಡವೂ ಬಲವಂತವೇ. ಆ ಒತ್ತಡಕ್ಕೆ ಮಣಿದು ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿದರೆ ಅದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಎಂದಿತು.

ಈಗ ಕಾಗದದ ಜಾಗಕ್ಕೆ ಆಪ್ ಬಂದಿದೆ. ‘ಒಪ್ಪಿದ್ದೇನೆ’ ಎಂದು ಒತ್ತದೆ ಡೆಲಿವರಿ ಕೆಲಸ ಶುರುವಾಗುವುದಿಲ್ಲ. ಊಬರ್ ಚಾಲಕರ ಪ್ರಕರಣದಲ್ಲಿ 2021ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್, ಕಾನೂನು ಕೊಟ್ಟ ಹಕ್ಕುಗಳನ್ನು ಕಂಪನಿ ತಾನೇ ಬರೆದುಕೊಂಡ ಒಪ್ಪಂದದಿಂದ ಅಳೆಯಬಾರದು ಎಂದಿತು. ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ತಂದು, ಕಂಪನಿಗಳಿಂದ ಕಲ್ಯಾಣ ಶುಲ್ಕ ಪಡೆಯುವ ದಾರಿ ಮಾಡಿದೆ. ಒಳ್ಳೆಯ ಹೆಜ್ಜೆ. ಆದರೆ ಡೆಲಿವರಿ ಹುಡುಗ ಕಂಪನಿಯ ನೌಕರನೋ ಬರೀ ಪಾಲುದಾರನೋ ಎಂಬುದನ್ನು ಅದು ಬಗೆಹರಿಸಿಲ್ಲ. ನೌಕರರಿಗೆ ಸಿಗುವ ಕನಿಷ್ಠ ಕೂಲಿ, ಓವರ್‌ಟೈಮ್ ಅವನಿಗೂ ಸಿಗಬೇಕಾದರೆ ಅದು ಬಗೆಹರಿಯಲೇಬೇಕು. ಅದನ್ನು ಶಾಸನಸಭೆಯೇ ಮಾಡಬೇಕು. ಒಬ್ಬೊಬ್ಬ ಹುಡುಗನೂ ಕೋರ್ಟಿಗೆ ಅಲೆದು ಗೆಲ್ಲಲಿ ಎಂದು ಬಿಡುವುದು ನ್ಯಾಯವಲ್ಲ.