ಈ ಅಂಕಿ ಎಲ್ಲಿಂದ ತಂದ್ರಿ ಸರ್?

ಆರೋಗ್ಯದ ಖರ್ಚು-ಲಾಭದ ಲೆಕ್ಕ ಹಾಕುವ ನಮ್ಮಂಥವರಿಗೆ ಸಭೆಯಲ್ಲಿ ಬೀಳುವ ಮೊದಲ ಪ್ರಶ್ನೆ ಇದೇ. ಸೂತ್ರ ಯಾವುದು ಅಂತ ಯಾರೂ ಕೇಳುವುದಿಲ್ಲ. ಎಕ್ಸೆಲ್ ಹಾಳೆಯ ಯಾವುದೋ ಒಂದು ಮನೆಯ ಮೇಲೆ ಬೆರಳಿಟ್ಟು ಕೇಳುತ್ತಾರೆ. ಕೇಳಬೇಕಾದ್ದೂ ಅದನ್ನೇ.

ನಿರ್ಧಾರ ಮಾದರಿ ಅಂದ ಕೂಡಲೇ ಗಾಬರಿ ಬೇಡ. ಒಂದು ಚಿಕಿತ್ಸೆಗೆ ಸರ್ಕಾರ ದುಡ್ಡು ಹಾಕಿದರೆ ಏನಾಗುತ್ತದೆ, ಹಾಕದಿದ್ದರೆ ಏನಾಗುತ್ತದೆ? ಎಷ್ಟು ಜನ ಉಳಿಯುತ್ತಾರೆ, ಉಳಿದವರು ಹೇಗಿರುತ್ತಾರೆ, ಎಷ್ಟು ಖರ್ಚು ಬೀಳುತ್ತದೆ? ಇದನ್ನೆಲ್ಲ ಕೂಡಿಸಿ ಕಳೆಯುವ ಲೆಕ್ಕ ಅದು.

ನಮ್ಮ ಕಡೆಯದ್ದೇ ಒಂದು ಉದಾಹರಣೆ ತಗೊಳ್ಳೋಣ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆಯುತ್ತಾರೆ. ಹೃದಯಾಘಾತ ಅಂತ ಖಾತ್ರಿಯಾದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಆಮೇಲೆ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ಚಿಂಚೋಳಿಯಿಂದ ಕಲಬುರಗಿಗೆ ಬಸ್ಸಿನಲ್ಲಿ ಹತ್ತಿರ ಹತ್ತಿರ ಎರಡು ತಾಸಿನ ದಾರಿ. ಚಿಂಚೋಳಿಯಲ್ಲೇ ಇಂಜೆಕ್ಷನ್ ಇಟ್ಟರೆ ಹಾಕಿದ ದುಡ್ಡಿಗೆ ತಕ್ಕ ಲಾಭ ಇದೆಯಾ? ಈ ಲೆಕ್ಕಕ್ಕೆ ಬೇಕಾದ ಅಂಕಿಗಳನ್ನು ಎಲ್ಲೆಲ್ಲಿ ಹುಡುಕಬೇಕು ಅಂತ ನೋಡೋಣ.

ಹೊಸಬರು ಎಲ್ಲ ಅಂಕಿಗಳನ್ನೂ ಒಂದೇ ಕಡೆ, ಒಂದೇ ರೀತಿ ಹುಡುಕುತ್ತಾರೆ. ವೈದ್ಯಕೀಯ ಲೇಖನ ಹುಡುಕುವ ಪಬ್‌ಮೆಡ್ ಜಾಲತಾಣ ತೆರೆದು ನಾಲ್ಕು ಪದ ಹಾಕಿ, ಸಿಕ್ಕ ರಾಶಿ ಲೇಖನದಲ್ಲಿ ಮುಳುಗುತ್ತಾರೆ. ಆದರೆ ಒಂದೊಂದು ಅಂಕಿಯ ಸ್ವಭಾವ ಒಂದೊಂದು ಥರ. ಔಷಧದ ಪರಿಣಾಮ ದೂರದೂರಿಂದ ಬಂದರೂ ನಡೆಯುತ್ತದೆ. ರೋಗಿಯ ಮೂಲ ಅಪಾಯ (ಹೊಸ ಚಿಕಿತ್ಸೆ ಇಲ್ಲದಿದ್ದರೆ ಸಾಯುವ ಸಂಭವ) ಮತ್ತು ಖರ್ಚು ಮಾತ್ರ ಇಲ್ಲಿಯದ್ದೇ ಆಗಬೇಕು.

ಔಷಧದ ಪರಿಣಾಮದ ಅಂಕಿಗೆ ಅಚ್ಚುಕಟ್ಟಾದ ಹುಡುಕಾಟವೇ ಬೇಕು. ಇಲ್ಲಿ ಕೈಗೆ ಸಿಕ್ಕ ಒಂದು ಅಧ್ಯಯನ ಹಿಡಿದು ಕೂರುವ ಹಾಗಿಲ್ಲ. ಪುಣ್ಯಕ್ಕೆ ಹೆಪ್ಪು ಕರಗಿಸುವ ಔಷಧಗಳ ಬಗ್ಗೆ ದೊಡ್ಡ ಪ್ರಯೋಗಗಳಿವೆ. 1994ರಲ್ಲಿ ಒಂಬತ್ತು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಇಸಿಜಿಯಲ್ಲಿ ಸ್ಪಷ್ಟ ಬದಲಾವಣೆ ಇದ್ದವರ ಪೈಕಿ ಆರು ಗಂಟೆಯೊಳಗೆ ಬಂದ 1,000 ಜನರಿಗೆ ಔಷಧ ಕೊಟ್ಟರೆ, ಕೊಡದಿದ್ದಾಗಿಗಿಂತ ಸುಮಾರು 30 ಜೀವ ಹೆಚ್ಚು ಉಳಿದಿದ್ದವು. ಏಳರಿಂದ ಹನ್ನೆರಡು ಗಂಟೆಯಾದ ಮೇಲೆ ಬಂದವರಲ್ಲಿ ಸುಮಾರು 20. ತಡವಾದಷ್ಟೂ ಲಾಭ ಕಡಿಮೆ. 2013ರ ಸ್ಟ್ರೀಮ್ ಪ್ರಯೋಗದಲ್ಲಿ ಟೆನೆಕ್ಟೆಪ್ಲೇಸ್ ಕೊಟ್ಟು ಆಮೇಲೆ ಆಂಜಿಯೋಗ್ರಾಂ ಮಾಡಿದವರೂ, ನೇರ ಆಂಜಿಯೋಪ್ಲಾಸ್ಟಿ ಆದವರೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದ್ದರು. ಔಷಧ ಕೊಟ್ಟವರಲ್ಲಿ ಮಿದುಳಿನ ರಕ್ತಸ್ರಾವ ಮಾತ್ರ ತುಸು ಜಾಸ್ತಿ. ಅದೂ ಮಾದರಿಗೆ ಬರಬೇಕು. ಲಾಭ ಬರೆದು ಅಪಾಯ ಬಿಟ್ಟ ಮಾದರಿಗಳನ್ನು ಬೇಕಾದಷ್ಟು ನೋಡಿದ್ದೇನೆ.

ಆದರೆ ಸ್ಟ್ರೀಮ್ ಪ್ರಯೋಗಕ್ಕೆ ಸೇರಿಸಿಕೊಂಡಿದ್ದು ನೋವು ಶುರುವಾಗಿ ಮೂರು ಗಂಟೆಯೊಳಗೆ ಬಂದವರನ್ನು. ನಮ್ಮ ಜನ ಯಾವಾಗ ಬರುತ್ತಾರೆ? 2008ರಲ್ಲಿ ಪ್ರಕಟವಾದ ಕ್ರಿಯೇಟ್ ಎಂಬ ಭಾರತೀಯ ಅಧ್ಯಯನದಲ್ಲಿ 20,468 ರೋಗಿಗಳಿದ್ದರು. ಅವರು ಆಸ್ಪತ್ರೆ ಮುಟ್ಟಲು ತಗೊಂಡ ಮಧ್ಯಮ ಸಮಯ (ಅರ್ಧ ಜನ ಇದಕ್ಕಿಂತ ಬೇಗ, ಅರ್ಧ ಜನ ತಡ) 360 ನಿಮಿಷ. ಅಂದರೆ ಆರು ಗಂಟೆ. ರಕ್ತನಾಳ ಪೂರ್ತಿ ಮುಚ್ಚಿ ಹೃದಯಾಘಾತ ಆದವರಲ್ಲಿ ಮೂವತ್ತು ದಿನದೊಳಗೆ ತೀರಿಕೊಂಡವರು ಶೇ. 8.6. ಬಡವರಿಗೆ ಚಿಕಿತ್ಸೆ ಸಿಕ್ಕಿದ್ದು ಕಡಿಮೆ, ಸಾವು ಹೆಚ್ಚು. ಮೂಲ ಅಪಾಯಕ್ಕೆ ವಿದೇಶಿ ಪ್ರಯೋಗದ ಅಂಕಿಗಿಂತ ಇದು ಎಷ್ಟೋ ವಾಸಿ. ಆದರೂ ಇದು 50 ನಗರಗಳ ಆಸ್ಪತ್ರೆಗಳ ಲೆಕ್ಕ. ದಾರಿಯಲ್ಲೇ ಉಸಿರು ನಿಂತವರು ಇದರಲ್ಲಿಲ್ಲ. ಚಿಂಚೋಳಿ ಕಡೆಯ ತಾಂಡಾಗಳಲ್ಲಿ ಅಂಥವರೇ ಮುಖ್ಯ, ಅಲ್ವಾ?

ಇನ್ನೊಂದು ತೊಡಕು ಇದೆ. ಬೀದರ್‌ನವರು ಹೈದರಾಬಾದಿಗೆ ಹೋಗುತ್ತಾರೆ, ಆಳಂದ-ಅಫಜಲಪುರದ ಕಡೆಯವರು ಸೊಲ್ಲಾಪುರಕ್ಕೆ. ಇಲ್ಲಿನ ಆಸ್ಪತ್ರೆಯ ಲೆಕ್ಕವನ್ನಷ್ಟೇ ನಂಬಿದರೆ ಅವರು ಕಾಣಿಸುವುದೇ ಇಲ್ಲ.

ಜಿಲ್ಲಾ ಮಟ್ಟದ ಅಂಕಿ ಬೇಕು ಅಂದಾಗ ಎಲ್ಲರೂ ಎನ್‌ಎಫ್‌ಎಚ್‌ಎಸ್, ಅಂದರೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಕಡೆ ಓಡುತ್ತಾರೆ. ಒಳ್ಳೆಯದೇ. ಕಲಬುರಗಿ, ಬೀದರ್, ಯಾದಗಿರಿಗೆ ಬೇರೆ ಬೇರೆ ಹಾಳೆಗಳಿವೆ. ಒಂದು ಎಚ್ಚರಿಕೆ: 2015–16ರ ನಾಲ್ಕನೇ ಸುತ್ತಿನಲ್ಲಿ ರಕ್ತದೊತ್ತಡ ಅಳೆದದ್ದು 15ರಿಂದ 49ರ ಹೆಂಗಸರಲ್ಲಿ, 15ರಿಂದ 54ರ ಗಂಡಸರಲ್ಲಿ. 2019–21ರ ಐದನೇ ಸುತ್ತಿನಲ್ಲಿ 15 ದಾಟಿದ ಎಲ್ಲರಲ್ಲೂ ಅಳೆದರು. ಎರಡನ್ನೂ ಅಕ್ಕಪಕ್ಕ ಇಟ್ಟು "ನಮ್ಮ ಜಿಲ್ಲೆಯಲ್ಲಿ ಬಿಪಿ ಏರಿಬಿಟ್ಟಿದೆ" ಅಂತ ಬರೆಯುವವರಿಗೆ ಈ ವ್ಯತ್ಯಾಸವೇ ಗೊತ್ತಿರುವುದಿಲ್ಲ. ಏರಿರಲೂಬಹುದು, ಆದರೆ ಈ ಎರಡು ಅಂಕಿ ಅದನ್ನು ಹೇಳುವುದಿಲ್ಲ.

ಬದುಕಿನ ಗುಣಮಟ್ಟದ ಅಂಕಿಗೆ ಈಗ ಅಷ್ಟು ಒದ್ದಾಟವಿಲ್ಲ. ರೋಗಿ ಹೇಗಿದ್ದಾನೆ ಅಂತ ಅಳೆಯುವ ಇಕ್ಯೂ-5ಡಿ ಎಂಬ ಐದು ಪ್ರಶ್ನೆಗಳ ಪಟ್ಟಿಗೆ, ಯಾವ ಸ್ಥಿತಿಗೆ ಎಷ್ಟು ಅಂಕ ಅಂತ ಭಾರತೀಯರ ಅಭಿಪ್ರಾಯದಿಂದಲೇ ಲೆಕ್ಕ ಹಾಕಿದ ಮೌಲ್ಯಗಳು 2022ರಲ್ಲಿ ಪ್ರಕಟವಾಗಿವೆ. ಇನ್ನೂ ಬೇರೆ ದೇಶದ ಮೌಲ್ಯ ಹಾಕಿದ ಮಾದರಿ ಕಂಡರೆ ಯಾಕೆ ಅಂತ ಕೇಳಿ.

ಖರ್ಚಿನ ವಿಷಯಕ್ಕೆ ಬರೋಣ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದ ಪ್ಯಾಕೇಜ್ ದರ ಸುಲಭವಾಗಿ ಸಿಗುತ್ತದೆ, ಅದಕ್ಕೇ ಎಲ್ಲರೂ ಅದನ್ನೇ ಹಾಕುತ್ತಾರೆ. ಆದರೆ ಅದು ಸರ್ಕಾರ ಕೊಡುವ ದರ. ಆಸ್ಪತ್ರೆಗೆ ನಿಜವಾಗಿ ಬೀಳುವ ಖರ್ಚು ಬೇರೆ. ಅದಕ್ಕೆ ಚಂಡೀಗಢದ ಪಿಜಿಐ ವೈದ್ಯಕೀಯ ಸಂಸ್ಥೆ ತಯಾರಿಸಿದ ರಾಷ್ಟ್ರೀಯ ವೆಚ್ಚ ದತ್ತಾಂಶವಿದೆ, ಅಲ್ಲಿಂದ ಶುರು ಮಾಡಿ. ಮನೆಯವರ ಖರ್ಚು ಇನ್ನೂ ಬೇರೆ. ಜೊತೆಗೆ ಬಂದವರ ಊಟ, ತಪ್ಪಿದ ಕೂಲಿ, ಓಡಾಟ. ಇಲ್ಲಿ ಒಂದು ಸ್ವಾರಸ್ಯ ಇದೆ. ಶಕ್ತಿ ಯೋಜನೆ ಬಂದಮೇಲೆ ನಮ್ಮ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಹಾಗಾದರೆ ರೋಗಿಯ ತಾಯಿಯ ಪ್ರಯಾಣದ ಖರ್ಚು ಸೊನ್ನೆಯಾ? ಮನೆಯ ಜೇಬಿನಿಂದ ನೋಡಿದರೆ ಹೌದು, ಇಡೀ ಸಮಾಜದ ಕಡೆಯಿಂದ ನೋಡಿದರೆ ಅಲ್ಲ. ಯಾರ ಕಣ್ಣಿನಿಂದ ಲೆಕ್ಕ ಹಾಕುತ್ತಿದ್ದೇವೆ ಅಂತ ಮೊದಲೇ ತೀರ್ಮಾನ ಮಾಡಿಕೊಳ್ಳದಿದ್ದರೆ ಯಾವ ಅಂಕಿ ಹುಡುಕಬೇಕು ಅನ್ನುವುದೇ ತಿಳಿಯುವುದಿಲ್ಲ.

ಹುಡುಕಾಟ ಶುರು ಮಾಡಲು ಒಳ್ಳೆಯ ಜಾಗ ಅಂದರೆ ಇದೇ ವಿಷಯದಲ್ಲಿ ಬೇರೆಯವರು ಮಾಡಿದ ಮಾದರಿಗಳು. ಅವರ ಉತ್ತರ ಬೇಡ, ಅವರ ಪಟ್ಟಿಯ 'ಮೂಲ' ಎಂಬ ಸಾಲು ಬೇಕು. ಆ ಮೂಲದ ಬೆನ್ನು ಹತ್ತಿ ಹೋಗಿ. ಒಂದು ಲೇಖನ ಇನ್ನೊಂದರ ಕಡೆ ತೋರಿಸುತ್ತದೆ, ಅದು ಮತ್ತೊಂದರ ಕಡೆ. ಕೊನೆಗೆ ಕೆಲವು ಸಲ ಸಿಗುವುದು "ತಜ್ಞರ ಅಂದಾಜು" ಎಂಬ ಎರಡೇ ಪದ. ಇಷ್ಟು ವರ್ಷ ಎಲ್ಲರೂ ಗೌರವದಿಂದ ಬರೆದುಕೊಂಡಿದ್ದು ಬರೀ ಅಂತೆಕಂತೆ!

ಎಲ್ಲ ಅಂಕಿಗೂ ಹೀಗೆ ಬೆವರು ಸುರಿಸಬೇಕಿಲ್ಲ. ಮೊದಲು ಒರಟು ಅಂದಾಜು ಹಾಕಿ ಮಾದರಿ ಓಡಿಸಿ. ಆಮೇಲೆ ಒಂದೊಂದನ್ನೇ ಮೇಲೆ ಕೆಳಗೆ ಮಾಡಿ. ಬಸ್ ಚಾರ್ಜು ದುಪ್ಪಟ್ಟಾದರೂ ಉತ್ತರ ಬದಲಾಗದಿದ್ದರೆ ಅದನ್ನು ಅಲ್ಲಿಗೇ ಬಿಡಿ. ಎಷ್ಟು ತಡವಾಗಿ ಬರುತ್ತಾರೆ ಅನ್ನುವುದು ಬದಲಾದರೆ ಉತ್ತರವೇ ತಿರುವುಮುರುವಾಗುತ್ತದೆ ಅಂದರೆ, ಆ ಅಂಕಿಗಾಗಿ ಎದ್ದು ತಾಲ್ಲೂಕು ಆಸ್ಪತ್ರೆಗೇ ಹೋಗಬೇಕು.

ಅಲ್ಲಿನ ರಿಜಿಸ್ಟರ್ ಸುಮ್ನೆ ತಿರುವಿದರೂ ಸಾಕಷ್ಟು ತಿಳಿಯುತ್ತದೆ. ರೋಗಿ ಬಂದ ಸಮಯ ಬರೆದಿರುತ್ತದೆ. ನೋವು ಶುರುವಾದ ಸಮಯ ಖಾಲಿ, ಇಲ್ಲಾ "ಬೆಳಿಗ್ಗೆ". ಇದ್ದರೂ ಎಲ್ಲವೂ ಆರು, ಏಳು, ಎಂಟು ಗಂಟೆ. ಆರು ಇಪ್ಪತ್ತು ಅಂತ ಯಾರೂ ಬರೆಯುವುದಿಲ್ಲ. ಕೇಳಿದರೆ ಸಿಸ್ಟರ್ ನಗುತ್ತಾರೆ: "ಟೈಮ್ ಕೇಳ್ಕೋತ ಕುಂತ್ರ ಇಸಿಜಿ ಯಾರು ತಗೀಬೇಕ್ರಿ ಸರ್?" ಅವರು ಹೇಳುವುದು ಸರಿಯೇ. ಮನೆಯವರನ್ನು ಕೇಳಿದರೆ, "ನಸಕಿನ್ಯಾಗ ಎದಿ ಹಿಡೀತ್ರಿ. ಗ್ಯಾಸ್ ಆಗ್ಯಾದ ಅಂತ ಸೋಡಾ ಕುಡಿಸಿದ್ವಿ, ಆಮ್ಯಾಲ ಬಸ್ ಬಂತು." ಗಡಿಯಾರದ ಸಮಯ ಕೇಳಿದರೆ ತಡವರಿಸುತ್ತಾರೆ. ಯಾವ ಬಸ್ಸು ಹತ್ತಿದಿರಿ, ಅದಕ್ಕೂ ಮುಂಚೆ ಎಷ್ಟು ಬಸ್ಸು ಹೋಗಿದ್ದವು ಅಂತ ಕೇಳಿದರೆ ಪಟಪಟ ಹೇಳುತ್ತಾರೆ. ಬಸ್ಸಿನ ವೇಳಾಪಟ್ಟಿ ಇಟ್ಟುಕೊಂಡರೆ ನೋವಿನ ಸಮಯ ಒಂದಷ್ಟು ಹತ್ತಿರಕ್ಕೆ ಸಿಗುತ್ತದೆ.

ಎಲ್ಲೂ ಸಿಗದ ಅಂಕಿಗೆ ಡಾಕ್ಟರುಗಳನ್ನು ಕೇಳಬೇಕಾಗುತ್ತದೆ. ಒಟ್ಟಿಗೆ ಕೂಡಿಸಿ ಮಾತ್ರ ಕೇಳಬೇಡಿ. ಹಿರಿಯರು ಒಂದು ಸಂಖ್ಯೆ ಹೇಳಿದ ಮೇಲೆ ಉಳಿದವರದ್ದೂ ಅದೇ. ಒಬ್ಬೊಬ್ಬರನ್ನೇ ಕಂಡು, ಮೊದಲು ತೀರಾ ಕಡಿಮೆ ಅಂದರೆ ಎಷ್ಟು, ತೀರಾ ಜಾಸ್ತಿ ಅಂದರೆ ಎಷ್ಟು ಅಂತ ಕೇಳಿ. ನಡುವಿನದ್ದು ಆಮೇಲೆ. ಒಬ್ಬರು ಎರಡು ತಾಸು ಅಂದು ಇನ್ನೊಬ್ಬರು ಎಂಟು ಅಂದರೆ ಸರಾಸರಿ ಮಾಡಿ ಮುಚ್ಚಿಹಾಕಬೇಡಿ. ಎರಡೂ ತುದಿ ಇಟ್ಟು ಮಾದರಿ ಓಡಿಸಿ. ಎರಡರಲ್ಲೂ ಇಂಜೆಕ್ಷನ್ ಲಾಭ ಅಂತ ಬಂದರೆ ಮುಂದೆ ಹುಡುಕುವ ಅಗತ್ಯವಿಲ್ಲ. ಒಂದರಲ್ಲಿ ಬಂದು ಇನ್ನೊಂದರಲ್ಲಿ ಬಾರದಿದ್ದರೆ, ಒಂದು ಸಣ್ಣ ಸರ್ವೆಗೆ ದುಡ್ಡು ಕೇಳುವ ಅರ್ಜಿಯಲ್ಲಿ ಆ ಎರಡು ಉತ್ತರಗಳನ್ನೇ ಬರೆಯಿರಿ.