ಅಮೆರಿಕದ ಟಿಕೆಟ್‌ನಲ್ಲಿ ಒಂದು ದಿನ ಎಲ್ಲಿ ಹೋಗುತ್ತೆ?

ಅಮೆರಿಕದಲ್ಲಿರುವ ಮಕ್ಕಳನ್ನು ನೋಡಲು ಹೊರಟ ಬಳ್ಳಾರಿಯ ಹಿರಿಯರಿಗೆ ನಾನು ವಿಮಾನದ ಟಿಕೆಟ್ ಮಾಡಿಸಿಕೊಡುತ್ತೇನೆ. ಟಿಕೆಟ್ ಕೈಗೆ ಬಂದ ಕೂಡಲೇ ಹೆಚ್ಚಿನವರು ಬೆರಳು ಮಡಿಸಿ ಗಂಟೆ ಎಣಿಸುತ್ತಾರೆ. ಹೋಗುವಾಗ ಮಧ್ಯಾಹ್ನ ಹತ್ತಿ ಅದೇ ದಿನ ಸಂಜೆ ಇಳಿದಂತೆ ಕಾಣುತ್ತದೆ. ಬರುವಾಗ ಮಾತ್ರ ಒಂದು ದಿನಕ್ಕಿಂತ ಜಾಸ್ತಿ! "ಅಷ್ಟೊತ್ತು ಹೆಂಗ್ ಕುಂದ್ರೋದ್ರೀ?" ಅಂತ ಗಾಬರಿಯಾಗುತ್ತಾರೆ. ಎರಡೂ ಲೆಕ್ಕ ತಪ್ಪು.

ಟಿಕೆಟ್‌ನಲ್ಲಿ ಇರುವುದು ಆಯಾ ಊರಿನ ಗಡಿಯಾರದ ಸಮಯ. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಮಗಿಂತ 13 ಗಂಟೆ 30 ನಿಮಿಷ ಹಿಂದೆ ಇರುತ್ತದೆ. ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಅಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ. ಆಗ 12 ಗಂಟೆ 30 ನಿಮಿಷ. ಟಿಕೆಟ್ ನೋಡಿ ಎಣಿಸಿದ ಗಂಟೆಗಳಿಗೆ ಹೋಗುವಾಗ ಇದನ್ನು ಕೂಡಿಸಿ, ಬರುವಾಗ ಕಳೆಯಿರಿ.

ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಮೊದಲ ನೇರ ವಿಮಾನ ಬಿಟ್ಟಿದ್ದು 2021ರ ಜನವರಿ 9, ಶನಿವಾರ ರಾತ್ರಿ. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ಹೆಣ್ಣುಮಕ್ಕಳೇ ಅದನ್ನು ಉತ್ತರ ಧ್ರುವದ ಮೇಲಿಂದ ಹಾರಿಸಿಕೊಂಡು ಬಂದರು. ಇಲ್ಲಿ ಇಳಿದಾಗ 11ನೇ ತಾರೀಖು ಸೋಮವಾರದ ಬೆಳಗಿನ ಜಾವ. ಭಾನುವಾರ ಪೂರ್ತಿ ಮಾಯ! ಆದರೆ ಸೀಟಿನಲ್ಲಿ ಕೂತಿದ್ದು 17 ಗಂಟೆಯ ಆಸುಪಾಸು ಅಷ್ಟೇ.

ಉತ್ತರ ಧ್ರುವ ಯಾಕೆ ಬಂತು ಅಂತೀರಾ? ಗೋಡೆಯ ಭೂಪಟದ ಮೇಲೆ ಸ್ಕೇಲ್ ಇಟ್ಟರೆ ಇದು ಗೊತ್ತಾಗಲ್ಲ. ಮೊಮ್ಮಕ್ಕಳ ಗ್ಲೋಬ್ ತಗೊಳ್ಳಿ, ಎರಡೂ ಊರಿಗೆ ದಾರ ಹಿಡಿದು ಬಿಗಿಯಾಗಿ ಎಳೆಯಿರಿ. ದಾರ ತಾನಾಗೇ ಮೇಲೆ ಸರಿದು ಧ್ರುವದ ಕಡೆ ಹೋಗುತ್ತದೆ. ಅದೇ ಹತ್ತಿರದ ದಾರಿ, ಸುಮಾರು 14,000 ಕಿ.ಮೀ.

ವಿಮಾನ ಯಾವಾಗಲೂ ಆ ದಾರಿಯಲ್ಲೇ ಹೋಗಲ್ಲ. 9ರಿಂದ 12 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಜೋರು ಗಾಳಿ ಇರುತ್ತದೆ. ಪೆಸಿಫಿಕ್ ಮೇಲೆ ಪೂರ್ವಕ್ಕೆ ಹೋದರೆ ಗಾಳಿ ಬೆನ್ನಿಗೆ. ಅದೇ ದಾರಿಯಲ್ಲಿ ವಾಪಸ್ ಬಂದರೆ ಎದುರಿಗೆ. ಹಾಗಾಗಿ ಸ್ವಲ್ಪ ಸುತ್ತಾದರೂ ಗಾಳಿ ಒದಗಿ ಬರುವ ದಾರಿಯೇ ಬೇಗ ಮುಟ್ಟಿಸಬಹುದು.

ಇನ್ನು ನಮ್ಮ ಕಡೆಯಿಂದ ವಿಮಾನ ನಿಲ್ದಾಣಕ್ಕೆ ಹೋಗುವ ದಾರಿ. ಬಳ್ಳಾರಿಯಿಂದ ಕಾರಲ್ಲಿ ಹೋಗುವವರಿಗೆ ಅನಂತಪುರದ ಮೇಲೆ ಹೋಗಿ ಅಂತಲೇ ನಾನು ಹೇಳುವುದು. ಆ ಹೆದ್ದಾರಿಯಲ್ಲಿ ಬೆಂಗಳೂರಿಗಿಂತ ಮೊದಲೇ ದೇವನಹಳ್ಳಿ ಸಿಗುತ್ತದೆ, ಊರಿನ ಟ್ರಾಫಿಕ್ ಗೋಜಿಲ್ಲ. ರಾಯಚೂರಿನವರಿಗೆ ಹೈದರಾಬಾದಿನ ಶಂಷಾಬಾದ್ ಹತ್ತಿರ. ಅದೂ ಊರಿಗಿಂತ ಈಚೆಗೇ ಇದೆ. ವಿದೇಶದ ವಿಮಾನಕ್ಕೆ 3 ಗಂಟೆ ಮುಂಚೆ ಅಲ್ಲಿರಬೇಕು, ಅದನ್ನೂ ಸೇರಿಸಿ ಮನೆ ಬಿಡಿ.

ಕರೆದುಕೊಂಡು ಬರಲು ಹೋಗುವವರಂತೂ ತಾರೀಖು ಎರಡು ಸಲ ನೋಡಲೇಬೇಕು. 11ರ ಬೆಳಗಿನ ಜಾವ 3.45 ಅಂತ ಇದ್ದರೆ ಕಾರು ಬಳ್ಳಾರಿ ಬಿಡಬೇಕಾದದ್ದು 10ರ ರಾತ್ರಿ. ಡ್ರೈವರ್‌ಗೆ ಬರೀ "11ನೇ ತಾರೀಖು" ಅಂತ ಹೇಳಬೇಡಿ.